ಒಂಬತ್ತು ತಾಸಿನ ಮುಖ

ಅಂಗಳದಲ್ಲಿ ಗುಂಡಭಟ್ಟರ ದನಿ ಕೇಳಿದಾಗ ನೀಲಕಂಠ ಹಿತ್ತಲ ಕೋಣೆಯಲ್ಲಿ ಫೋಟೋದ ಗಾಜು ತೊಳೆಯುತ್ತಿದ್ದ. ಕೇಳಿಸಲಿಲ್ಲವೆಂಬಂತೆ ಇನ್ನೊಂದು ತಂಬಿಗೆ ನೀರು ಸುರುವಿದ. ತೊರಗಲ್ಲಿನಿಂದ ಸವದತ್ತಿಗೆ ಇಷ್ಟು ಹೊತ್ತಿಗೆ ಬಂದು ಮುಟ್ಟಬೇಕಾದರೆ ಮುದುಕ ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿಸಿರಬೇಕು, ಸುಮ್ಮನೆ ಕಟ್ಟಿಸಿರಲಾರ. ಅವರ ಮಗಳು ಗಂಗೂಬಾಯಿಯ ಮದುವೆಯಾಗಿ ಇವತ್ತಿಗೆ ಹನ್ನೊಂದು ದಿನ. ಈ ಹನ್ನೊಂದು ದಿನವೂ ತಾನು ಕಾಯುತ್ತಿದ್ದದ್ದು ಈ ದನಿಯನ್ನೇ ಎಂದು ನೀಲಕಂಠನಿಗೆ ಈಗ ತಿಳಿಯಿತು. ಮದುವೆಗೆ ಕರೆದಿದ್ದರು. ಕ್ಯಾಮೆರಾದ ತಿದಿ ಹರಿದಿದೆ, ರಿಪೇರಿಗೆ ಬೆಳಗಾವಿಗೆ ಹೋಗಬೇಕು ಎಂದು ಹೇಳಿಕಳಿಸಿ ಮನೆಯಲ್ಲೇ ಉಳಿದಿದ್ದ. ತಿದಿ ಹರಿದಿರಲಿಲ್ಲ. ಅಂತರಪಟ ಸರಿದಾಗ ಆ ವರನ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೆ. ಕೈ ಒರೆಸಿಕೊಂಡು ಹೊರಬಂದ. ಫೋಟೋ ತೊಳೆಯುವ ಔಷಧಿಯ ನೀರಿನಲ್ಲಿ ನೆನೆದು ನೆನೆದು ಕಪ್ಪಾದ ಬೆರಳ ತುದಿಗಳು ಎಷ್ಟು ಒರೆಸಿದರೂ ಕಪ್ಪಾಗಿಯೇ ಇದ್ದವು. ಹೋದ ಶ್ರಾವಣದಲ್ಲಿ ಒಂದು ಊಟದ ಪಂಕ್ತಿಯಲ್ಲಿ ಪಕ್ಕದವನೊಬ್ಬ ಆ ಬೆರಳುಗಳನ್ನು ನೋಡಿ ತನ್ನ ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡಿದ್ದ. ಬರೇ ಒಂದು ಗೇಣು. ಅದು ಇವತ್ತಿಗೂ ನೀಲಕಂಠನ ಎದೆಯಲ್ಲಿ ಅಳತೆಯಂತೆ ಕೂತಿತ್ತು.

ಗುಂಡಭಟ್ಟರು ಕಟ್ಟೆಯ ಮೇಲೆ ಕುಳಿತಿದ್ದರು. ನೀಲಕಂಠನ ಅಪ್ಪನೊಡನೆ ಒಂದೇ ಗುರುವಿನ ಹತ್ತಿರ ಮಂತ್ರ ಕಲಿತವರು, ಅದೇ ಸಲಿಗೆಯಿಂದ ಇವನನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಕೊಟ್ಟ ನೀರನ್ನು ಕುಡಿಯದೆ ಪಕ್ಕದಲ್ಲಿಟ್ಟುಕೊಂಡು ಹೇಳಿದರು:

"ರಾಮದುರ್ಗದಿಂದ ಬೀಗರು ಹೇಳಿ ಕಳಿಸ್ಯಾರಪಾ. ತಸಬೀರಿನ್ಯಾಗ ಇದ್ದ ಹುಡುಗಿನ ಬ್ಯಾರೆ, ಹಸಿಮಣಿ ಮ್ಯಾಲೆ ಕೂತ ಹುಡುಗಿನ ಬ್ಯಾರೆ ಅಂತ. ಮಂದಿ ಮಗಳನ್ನ ತೋರಿಸಿ ನಿಮ್ಮ ಮಗಳನ್ನ ಗಂಟು ಹಾಕೀರಿ ಅಂತಾರ. ನೀ ಬರಬೇಕು. ಇದು ಗಂಗೂನ ತಸಬೀರ ಅಂತ ಒಂದ ಮಾತು ಹೇಳಬೇಕು. ಸುಳ್ಳಲ್ಲಲ್ಲ ಅದು?"

"ಸುಳ್ಳಲ್ಲ ಕಾಕಾ."

"ಗಂಗೂನ ಮುಖದ ಮ್ಯಾಲಿನ ಮೈಲಿ ಕಲಿ ಯಾಕ ಕಾಣವಲ್ಲವು ಅಂತ ಕೇಳಿದ್ರ, ಬಿಸಿಲು ಹಂಗ ಬಿದ್ದಿತ್ತು ಅನ್ನು. ಬಿಸಿಲಿಗೆ ಕಾಣಂಗಿಲ್ಲ, ಹೌದಲ್ಲೊ?"

"ಎದುರು ಬಿಸಿಲಿದ್ರ ಒಂದೀಟು ಮುಚ್ಚತಾವ."

"ಅಷ್ಟ ಸಾಕು. ಅದಕ್ಕೂ ಹೆಚ್ಚಿಗೆ ಬ್ಯಾಡ." ಭಟ್ಟರು ತಂಬಿಗೆಯನ್ನು ಕೈಗೆತ್ತಿಕೊಂಡರು, ಮತ್ತೆ ಇಟ್ಟರು. "ಮತ್ತ ಆಕಿ ತಸಬೀರ ಮೂಡಿದ ಗಾಜು ಇಲ್ಲೇ ಇರಲಿ. ತರಬ್ಯಾಡ."

ನೀಲಕಂಠ ತಲೆಯಾಡಿಸಿದ. ಮರುದಿನ ನಸುಕಿನಲ್ಲಿ ಹೊರಡುವಾಗ ಅದೇ ಗಾಜನ್ನು ಒಂದು ಹಳೆಯ ಧೋತರದಲ್ಲಿ ಸುತ್ತಿ ಕೈಚೀಲದ ತಳಕ್ಕೆ ಇಟ್ಟುಕೊಂಡ. ಬೀಗರು ನಂಬದೇ ಹೋದರೆ ಸಾಕ್ಷಿಗೆ ಬೇಕಾದೀತು ಎಂದು ತನಗೇ ಹೇಳಿಕೊಂಡ. ನಂಬುವಂತಿರಲಿಲ್ಲ ಆ ಮಾತು. ಆದರೆ ಗಾಡಿಯವ ಲಗಮಣ್ಣ ಹೊರಗೆ ಎತ್ತುಗಳನ್ನು ಗದರುತ್ತಿದ್ದ, ವಿಚಾರ ಮಾಡಲು ಪುರಸತ್ತು ಇರಲಿಲ್ಲ.

ಗಾಡಿ ಎರೆಯ ಹೊಲಗಳ ನಡುವೆ ಸಾಗುತ್ತಿತ್ತು. ಭಟ್ಟರು ಮುಂದೆ ಕುಳಿತು ಬಾಯೊಳಗೆ ಏನೋ ಜಪ ನಡೆಸಿದ್ದರು. ಅವರ ಬೆನ್ನನ್ನು ನೋಡುತ್ತ ನೀಲಕಂಠ, ಕೇಳಿದ್ದು ಇವರಲ್ಲ, ನಾನಾಗಿ ಹೇಳಿದ್ದು, ಎಂದುಕೊಂಡ. ನಾಲ್ಕು ತಿಂಗಳ ಹಿಂದೆ ತೊರಗಲ್ಲಿನ ಅವರ ಮನೆಯಂಗಳದಲ್ಲಿ ಕ್ಯಾಮೆರಾದ ಮೂರು ಕಾಲು ಊರಿದಾಗ ಭಟ್ಟರು ಬರೇ ಒಂದು ನಿಟ್ಟುಸಿರು ಬಿಟ್ಟಿದ್ದರು. ವರ ಸೊಲ್ಲಾಪುರದ ಗಿರಣಿಯಲ್ಲಿ ಗುಮಾಸ್ತ, ರಜೆ ಸಿಗುವುದಿಲ್ಲ, ಫೋಟೋ ನೋಡಿಯೇ ಒಪ್ಪುತ್ತಾನಂತೆ. ಹುಡುಗಿ ನೋಡಲು ಬಂದ ಅವನ ಸೋದರಮಾವನಿಗೆ ಕಣ್ಣಿನ ಪೊರೆ, ಮುಸ್ಸಂಜೆಯಲ್ಲಿ ಬಂದು, ಹಾಡು ಕೇಳಿ, ತಲೆಯಾಡಿಸಿ ಹೋಗಿದ್ದಾನೆ. ಭಟ್ಟರು ಹೇಳಿದ್ದು ಇಷ್ಟೇ. ಆಗ ನೀಲಕಂಠನೇ, "ಕಾಳಜಿ ಮಾಡಬ್ಯಾಡ್ರಿ ಕಾಕಾ, ಕಲಿ ಕಾಣದಂಗ ಮಾಡಿಕೊಡ್ತೇನಿ" ಎಂದ. ಹೇಳುವಾಗ ಎಷ್ಟು ಹಿತವಾಗಿತ್ತು. ಸತ್ತವರ ಹೆಸರು ಹೇಳಿ ನೀರು ಬಿಡುವ ಮನೆತನ ನಮ್ಮದು, ನೀ ಬದುಕಿದ್ದವರ ನೆರಳು ಹಿಡಿದು ಮಾರತಿ, ಎಂದು ಅಪ್ಪ ಸಾಯುವ ತನಕ ಅಂದದ್ದು. ಬೆಳಗಾವಿಯ ಫೋಟೋ ಅಂಗಡಿಯಲ್ಲಿ ಎರಡು ವರ್ಷ ಔಷಧಿಯ ತಟ್ಟೆ ತೊಳೆಸಿಕೊಂಡ ಮಾಲಕ, ನಿನ್ನದು ಗಂಧಾ ತೇಯೋ ಕೈ, ಪೆನ್ಸಿಲ್ ಹಿಡಿಯೋದಲ್ಲ, ಎಂದು ಎಲ್ಲರೆದುರು ನಕ್ಕದ್ದು. ಎಲ್ಲವೂ ಆ ಒಂದು ಮಾತಿಗೆ ಹಗುರಾಗಿಬಿಟ್ಟಿತ್ತು. ಬೆಳಕು ಹರಡಲೆಂದು ಬಿಳಿ ಧೋತರ ಕಟ್ಟಿದರು. ಗಂಗೂ ಜೀವನದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕುಳಿತಳು. ಹದಿಮೂರು ವರ್ಷ, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅಲುಗಾಡಬೇಡ ಎಂದದ್ದಕ್ಕೆ ಉಸಿರು ಬಿಗಿಹಿಡಿದಳು. ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ, ಗಾಜು ತೆಗೆದು ಇವನು ಬೇರೆ ಮಾತಿಗೆ ತೊಡಗಿದರೂ ಬಿಟ್ಟಿರಲಿಲ್ಲ. "ಬಿಡವಾ ಇನ್ನ" ಎಂದು ತಾಯಿ ಹೇಳಬೇಕಾಯಿತು.

ಆ ಮುಖ ಮರುದಿನ ಗಾಜಿನ ಮೇಲೆ ತಿರುವುಮುರುವಾಗಿ ಬಂತು. ಗಾಜಿನಲ್ಲಿ ಕಪ್ಪು ಬಿಳುಪಾಗುತ್ತದೆ, ಬಿಳುಪು ಕಪ್ಪಾಗುತ್ತದೆ. ಮೈಲಿಯ ಕುಳಿಯಲ್ಲಿ ನಿಂತ ನೆರಳು ಅಲ್ಲಿ ತಿಳಿಯಾದ ಚುಕ್ಕೆ. ಆ ತಿಳಿಯನ್ನು ಸೀಸದ ಪೆನ್ಸಿಲಿನಿಂದ ತುಂಬಿದರೆ ಕಾಗದದ ಮೇಲೆ ಕುಳಿ ಮಾಯ. ಹೇಳುವುದಕ್ಕೆ ಇಷ್ಟೆ. ಮಾಡಲು ಕೂತರೆ ಪೆನ್ಸಿಲಿನ ತುದಿ ಸೂಜಿಯಂತಿರಬೇಕು, ಉಸಿರು ಕೈಗೆ ತಾಗಬಾರದು, ಒಂದು ಚುಕ್ಕೆ ದಪ್ಪವಾದರೂ ಗಲ್ಲದ ಮೇಲೆ ಸುಣ್ಣ ಸಿಡಿದಂತೆ ಕಾಣುತ್ತದೆ. ಉತ್ತರದ ಕಿಟಕಿಗೆ ಗಾಜನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಕನ್ನಡಿಯಿಟ್ಟು ಬೆಳಕು ಮೇಲೆ ಹಾಯಿಸಿ, ಮೂರು ದಿನ ಮುಂಜಾನೆಯ ಹೊತ್ತು ಕೂತು ತುಂಬಿದ್ದ. ಎಡಗಲ್ಲ ಮುಗಿದು ಬಲಗಲ್ಲ, ಹಣೆ, ಮೂಗಿನ ತುದಿಯ ಎರಡು ಆಳವಾದವು. ಕಾಗದಕ್ಕೆ ಇಳಿಸಿದ ಮೇಲೆ ಬಹಳ ಹೊತ್ತು ನೋಡಿದ. ತನ್ನ ಕೈ ಗಂಧ ತೇಯುವ ಕೈ ಅಲ್ಲ. ತೊರಗಲ್ಲಿಗೆ ಒಯ್ದು ಕೊಟ್ಟಾಗ ಭಟ್ಟರ ಕಣ್ಣಲ್ಲಿ ನೀರು ಬಂತು. ಗಂಗೂ ಅದನ್ನು ಎರಡೂ ಕೈಯಿಂದ ಹಿಡಿದು ನೋಡಿ ಒಳಗೆ ಹೋದವಳು, ಇವನು ಹೊರಡುವಾಗ ಬಾಗಿಲ ಮರೆಗೆ ಬಂದು ಗಲ್ಲ ಮುಟ್ಟಿಕೊಂಡು ಮೆಲ್ಲಗೆ ಕೇಳಿದಳು: "ಅಣ್ಣಾ, ಅಲ್ಲೆ ಹ್ವಾದೂವು. ಇಲ್ಲೆ ಯಾವಾಗ ಹೋಗತಾವ?" ಇವನು ನಕ್ಕುಬಿಟ್ಟ. ಮಕ್ಕಳ ಮಾತಿಗೆ ದೊಡ್ಡವರು ನಗುವಂತೆ ನಕ್ಕ. ಕಲೆ ಹೋಗಲೆಂದು ಹಸಿಹಿಟ್ಟು ಹಚ್ಚಿ ಹಚ್ಚಿ ಅವಳ ಮುಖ ಕೆಂಪಗೆ ಸುಲಿದದ್ದು ಆಗ ಕಂಡಿದ್ದರೂ ಈಗ ಗಾಡಿಯಲ್ಲಿ ಕೂತಾಗಲೇ ಅದು ಅರ್ಥವಾದದ್ದು.

ತೊರಗಲ್ಲಿನಲ್ಲಿ ವಸತಿ ಮಾಡಿ ಮರುದಿನ ಏರುಹೊತ್ತಿಗೆ ರಾಮದುರ್ಗ ಮುಟ್ಟಿದರು. ಬೀಗರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು, ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ವರ ತ್ರ್ಯಂಬಕ ಕಂಬಕ್ಕೊರಗಿ ನಿಂತಿದ್ದ: ಇಪ್ಪತ್ತೆರಡರ ಹುಡುಗ, ಗಿರಣಿಯ ಧೂಳು ಕುಡಿದ ಬಿಳುಚು ಮುಖ, ಕೈಯಲ್ಲಿ ಅದೇ ಫೋಟೋ. ಮಾತಾಡಿದವಳು ಅವನ ತಾಯಿ ಸುಂದರಾಬಾಯಿ. ವಿಧವೆ, ಬಾಗಿಲಿನ ಒಳಗೇ ಕುಳಿತು ಸೆರಗು ಹಣೆಯ ತನಕ ಎಳೆದುಕೊಂಡಿದ್ದಳು.

"ನಾ ಹುಡುಗೀನ ಬೈಯಂಗಿಲ್ಲ," ಎಂದಳು. "ಬಂದಾಗಿಂದ ತಲಿ ಎತ್ತಿಲ್ಲ ಪಾಪ. ಮೈಲಿ ಬರೂದು ದೇವರ ಕೈಯಾಗಿಂದು. ಆದರ ನನ್ನ ಮಗಗ ಮೋಸ ಆಗೇದಲ್ಲ, ಅದು ಮನಷ್ಯಾರ ಕೈಯಾಗಿಂದು. ನೀವ ಏನು ತಸಬೀರ ತಗದಾವರು? ಹೇಳ್ರಿ, ಇದು ಯಾರದು?"

"ಗಂಗೂಬಾಯಿದ ರೀ," ಎಂದ ನೀಲಕಂಠ. "ಬ್ಯಾರೆ ಯಾರದೂ ಅಲ್ಲ. ಕಣ್ಣು ನೋಡ್ರಿ, ಹಣಿ ನೋಡ್ರಿ. ಅಂಗಳದಾಗ ಎದುರು ಬಿಸಿಲಿತ್ತು. ಎದುರು ಬಿಸಿಲಿಗೆ ಕುಳಿ ನೆರಳು ಹಿಡಿಯಂಗಿಲ್ಲ. ಫೋಟೋದಾಗ ಹಂಗ ಆಗತದ."

ಸುಂದರಾಬಾಯಿ ಫೋಟೋ ತರಿಸಿಕೊಂಡು ನೋಡಿದಳು. ಒಳಗಿನಿಂದ ಗಂಗೂಳನ್ನು ಕರೆದು ಅವಳ ಗದ್ದ ಹಿಡಿದೆತ್ತಿ, ಒಮ್ಮೆ ಅದನ್ನು, ಒಮ್ಮೆ ಇದನ್ನು, ಬಹಳ ಹೊತ್ತು ನೋಡಿದಳು. ಗಂಗೂ ಕಣ್ಣು ಮುಚ್ಚಿಕೊಂಡಿದ್ದಳು. ಕಡೆಗೆ ಅತ್ತೆ ಅವಳ ಗದ್ದ ಬಿಟ್ಟು, "ಕಣ್ಣೇನೋ ಇವ ಅದಾವ," ಎಂದಳು. ಫೋಟೋವನ್ನು ಮಗನಿಗೆ ಮರಳಿ ಕೊಟ್ಟು, "ಬಿಸಿಲಿಗೆ ಹಂಗ ಆಗತದೋ ಏನೋ, ನಮಗೇನ ತಿಳೀತದ. ಮೂರು ಗಂಟು ಬಿದ್ದಾವ. ಗಂಗೂ, ನಿಮ್ಮಪ್ಪಗ ಕಾಲಿಗೆ ನೀರು ಕೊಡು. ಊಟಕ್ಕ ಎಲಿ ಹಾಕು," ಎಂದಳು. ಭಟ್ಟರ ಭುಜ ಒಂದಿಷ್ಟು ಇಳಿದದ್ದನ್ನು ನೀಲಕಂಠ ಕಂಡ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಡಬೇಕಾದ ಮಾತು ಆಡಿಯಾಗಿತ್ತು. ಅವನು ಎದ್ದು ಕಾಲು ತೊಳೆದುಕೊಂಡು ಉಂಡು ಬಂದಿದ್ದರೆ ಸಾಕಿತ್ತು.

ಭಟ್ಟರು ಹಿತ್ತಲಿಗೆ ಹೋದಾಗ ತ್ರ್ಯಂಬಕ ಚಾಪೆಯ ಮೇಲೆ ನೀಲಕಂಠನ ಪಕ್ಕ ಬಂದು ಕುಳಿತ. ಸಿಟ್ಟಿರಲಿಲ್ಲ ಮುಖದಲ್ಲಿ. ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೆಳೆಯನೊಡನೆ ಮಾತಾಡುವಂತೆ ಸಣ್ಣ ದನಿಯಲ್ಲಿ ಹೇಳಿದ:

"ಸೊಲ್ಲಾಪುರದಾಗ ನನ್ನ ಖೋಲಿ ಕೆಳಗ ಒಂದು ಫೋಟೋದ ಅಂಗಡಿ ಅದ ರೀ. ಸಂಜಿಕ ಹೋಗಿ ಕೂಡತೇನಿ. ಅವರೂ ಗಾಜಿನ ಮ್ಯಾಲೆ ಕೈ ಆಡಸತಾರ, ಆದರ ಹಿಟ್ಟು ಮೆತ್ತಿಧಂಗ ಕಾಣತದ. ಈ ಗಲ್ಲದ ಮ್ಯಾಲಿನ ಕೆಲಸ ನೋಡ್ರಿ, ಚರ್ಮ ಚರ್ಮ ಇದ್ಧಂಗ ಅದ. ಇಂಥಾದ್ದು ನಾ ಎಲ್ಲೂ ನೋಡಿಲ್ಲ. ಬೆಳಗಾವ್ಯಾಗ ಯಾರ ಕಡೆ ಮಾಡಿಸಿದ್ರಿ ಇದನ್ನ?"

ಆಮೇಲಿನ ವರ್ಷಗಳಲ್ಲಿ ನೀಲಕಂಠ ಈ ಕ್ಷಣವನ್ನು ಎಷ್ಟು ಸಲ ತಿರುವಿಹಾಕಿದರೂ, ಯಾರೂ ಮಾಡಿಲ್ಲ, ಬಿಸಿಲು, ಎಂಬ ಎರಡು ಮಾತು ಬಾಯಿಗೆ ಯಾಕೆ ಬರಲಿಲ್ಲವೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದೂ ಸುಳ್ಳು. ಬೆಳಗಾವಿ ಎಂಬ ಹೆಸರು ಕೇಳಿದ್ದೇ ತಡ, ತಟ್ಟೆ ತೊಳೆದ ಎರಡು ವರ್ಷವೂ, ಆ ಮಾಲಕನ ನಗೆಯೂ ಹಸಿಯಾಗಿ ಎದ್ದು ಬಂದವು. ಮಾಡಿದ್ದು ತಾನು, ಹೆಸರು ಅವರಿಗೆ.

"ಯಾರ ಕಡೆನೂ ಮಾಡಿಸಿಲ್ಲ," ಎಂದ. "ನಾನ ಮಾಡೇನಿ."

"ನೀವ?"

ಆ ಒಂದು ಶಬ್ದದಲ್ಲಿದ್ದ ಅನುಮಾನವೇ ಸಾಕಾಯಿತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಧೋತರ ಬಿಚ್ಚಿ, ಗಾಜನ್ನು ಅಂಗಳದ ಬೆಳಕಿಗೆ ಹಿಡಿದು, ತುಸು ಓರೆ ಮಾಡಿ ತೋರಿಸಿದ. ಗಲ್ಲದ ತುಂಬ ಸೀಸದ ಚುಕ್ಕೆಗಳು ಮಿಂಚಿದವು. "ನೋಡ್ರಿ, ಇಲ್ಲೆ ಬರೇ ಗೆರಿ ಎಳದ್ರ ನಡಿಯಂಗಿಲ್ಲ. ಚುಕ್ಕಿ ಚುಕ್ಕಿ ಕೂಡಸಬೇಕು. ಮೂಗಿನ ತುದಿಗೆ ಎರಡು ಆಳ ಇದ್ದೂವು, ಅವಕ್ಕ ಭಾಳ ತ್ರಾಸಾತು." ಅವನು ಹೇಳುತ್ತಲೇ ಹೋದ. ತ್ರ್ಯಂಬಕ ತಲೆ ಬಾಗಿಸಿ ಕೇಳುತ್ತಿದ್ದ.

"ಎಷ್ಟೊತ್ತು ಹಿಡೀತು?"

"ಒಂಬತ್ತು ತಾಸು. ಮೂರು ದಿನದಾಗ."

"ಅವ್ವಾ," ಎಂದು ತ್ರ್ಯಂಬಕ ದನಿ ಏರಿಸದೆ ಕರೆದ. "ಒಂದೀಟು ಇಲ್ಲೆ ಬಾ."

ಅವನು ಬೇಕೆಂದೇ ಬಲೆ ಹಾಕಿದನೋ, ನಿಜವಾಗಿ ಮೆಚ್ಚಿಕೊಂಡೇ ಕೇಳುತ್ತಿದ್ದವನಿಗೆ ನಡುವೆಲ್ಲೋ ಎದೆ ಒಡೆಯಿತೋ, ಯಾರಿಗೂ ಗೊತ್ತಾಗಲಿಲ್ಲ. ಗಾಜನ್ನು ನೀಲಕಂಠನ ಕೈಯಿಂದ ಇಸಕೊಂಡು ತಾಯಿಗೆ ತೋರಿಸಿದ. ಸುಂದರಾಬಾಯಿ ಆ ಚುಕ್ಕೆಗಳನ್ನು ನೋಡಿದಳು. ಕಾಲು ತೊಳೆದುಕೊಂಡು ಒಳಬಂದ ಭಟ್ಟರನ್ನು ನೋಡಿ, "ಭಟ್ಟರ, ಮೊದಲ ಹೇಳಿದ್ರ ಒಪ್ಪತಿದ್ನೋ ಇಲ್ಲೋ ನನಗೊತ್ತಿಲ್ಲ. ಆದರ ಈಗ ಸುದ್ಧಾ ನನ್ನ ಮನಿಯೊಳಗ ಕೂತು ಬಿಸಿಲು ಅಂತ ಹೇಳಿಸಿದ್ರಿ," ಎಂದಳು. ಭಟ್ಟರು ಗಾಜನ್ನು ನೋಡಿದರು. ಆಮೇಲೆ ನೀಲಕಂಠನನ್ನು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಂಬಕ್ಕೆ ನೇತುಹಾಕಿದ್ದ ಉಪರಣೆಯನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು, "ಗಂಗೂ, ನಡಿಯವಾ," ಎಂದರು. ಗಂಗೂ ಎಲೆ ಹಾಕುತ್ತಿದ್ದಳು, ಮೂರು ಹಾಕಿಯಾಗಿತ್ತು. ನಾಲ್ಕನೆಯದನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ಸುಂದರಾಬಾಯಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಗಾಜನ್ನು ತ್ರ್ಯಂಬಕ ಕೊಡಲಿಲ್ಲ. "ಇದು ನಮ್ಮ ಕಡೆ ಇರಲಿ," ಎಂದ.

ಗಾಡಿ ಊರು ದಾಟುವಾಗ ನೀಲಕಂಠ, ನಾ ನಡಕೊಂಡ ಬರತೇನಿ, ಎಂದ. "ಹತ್ತು," ಎಂದರು ಭಟ್ಟರು. ಎರಡಕ್ಷರ. ಅದರಲ್ಲಿ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ. ದಾರಿಯಲ್ಲಿ ಯಾರಿಗಾದರೂ ಅವರು ಹಾಗೆಯೇ ಹೇಳುತ್ತಿದ್ದರು. ಹತ್ತಿದ. ಭಟ್ಟರು ಮುಂದೆ ಲಗಮಣ್ಣನ ಬೆನ್ನಿಗಂಟಿ ಕುಳಿತಿದ್ದರು. ಗಂಗೂ ಹಿಂದೆ, ಇವನೆದುರು, ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಹಣೆಯ ಮೇಲೆ ಅರಿಶಿಣದ ಕಲೆ ಇನ್ನೂ ಇತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಹರದಾರಿ ದಾರಿ ಸವೆಯಿತು. ಅವಳು ಅಳುತ್ತಾಳೆ ಎಂದು ಹೆದರಿ ಇವನು ಗಾಲಿಯ ಹಿಂದೆ ಏಳುವ ಧೂಳನ್ನೇ ನೋಡುತ್ತಿದ್ದ. ಅವಳು ಅಳಲಿಲ್ಲ. ಅಪ್ಪನಿಗೆ ಕೇಳದ ಹಾಗೆ ಮುಂದಕ್ಕೆ ಬಾಗಿ ಕೇಳಿದಳು:

"ಅಣ್ಣಾ, ಒಂಬತ್ತು ತಾಸು ಅಂದ್ರೆಲ್ಲ. ಅಷ್ಟೂ ಹೊತ್ತು ನನ್ನ ಮುಖಾನ ನೋಡಿದ್ರಿ?"

"ಹೂಂ," ಎಂದ.

"ಅಷ್ಟೊತ್ತು ಯಾರೂ ನೋಡಿಲ್ಲ. ನಮ್ಮವ್ವನೂ ನೋಡಿಲ್ಲ." ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡಳು. "ಹೇಸಿಕಿ ಬರಲಿಲ್ಲೇನು?"

ನೀಲಕಂಠ ಬಾಯಿ ತೆರೆದ. ಒಂಬತ್ತು ತಾಸಿನಲ್ಲಿ ಒಂದು ಸಲವೂ ಅವಳ ಮುಖವನ್ನು ನೋಡಿರಲಿಲ್ಲವೆಂಬುದು ಆಗ ತಿಳಿಯಿತು. ನೋಡಿದ್ದು ಕುಳಿ, ಅದರ ಪಕ್ಕದ ಕುಳಿ, ತನ್ನ ಪೆನ್ಸಿಲಿನ ತುದಿ. ಅವಳ ಕಣ್ಣು ಯಾವ ಬಣ್ಣದ್ದು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತಿದ್ದಳು, ಅಂಗಳದಲ್ಲಿ ಕುರ್ಚಿಯ ಮೇಲೆ ಕಾದ ಹಾಗೆಯೇ ಉಸಿರು ಹಿಡಿದು.

"ಇಲ್ಲವಾ," ಎಂದ. "ಬರಲಿಲ್ಲ."

ಅವಳು ತಲೆಯಾಡಿಸಿ ಹಿಂದಕ್ಕೆ ಸರಿದು ಕುಳಿತಳು. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ತೊರಗಲ್ಲಿನ ಕೋಟೆ ಕಂಡಾಗ ಸೆರಗನ್ನು ಕಣ್ಣ ತನಕ ಎಳೆದುಕೊಂಡಳು. ಮನೆಯ ಮುಂದೆ ಗಾಡಿ ನಿಂತಿತು. ಅವಳ ತಾಯಿ ಹೊರಬಂದು ಮಗಳನ್ನು ನೋಡಿ ಗಂಟನ್ನು ಇಸಕೊಂಡು ಒಳಗೆ ಹೋದಳು. ಹಿಂದೆ ಗಂಗೂ ಹೋದಳು.

ಮುಂದಿನ ಮಾಘದಲ್ಲಿ ತ್ರ್ಯಂಬಕನಿಗೆ ಇನ್ನೊಂದು ಮದುವೆಯಾಯಿತು. ಈ ಸಲ ಅವನೇ ರಜೆ ತೆಗೆದುಕೊಂಡು ಬಂದು ಹಗಲಲ್ಲಿ ಹುಡುಗಿಯನ್ನು ನೋಡಿದನಂತೆ. ಗಂಗೂ ತೊರಗಲ್ಲಿನಲ್ಲೇ ಉಳಿದಳು. ತಾಳಿ ಇತ್ತು, ಕುಂಕುಮ ಇತ್ತು, ಹೋಗಲು ಮನೆಯಿರಲಿಲ್ಲ. ನೀಲಕಂಠ ತಿಂಗಳುಗಟ್ಟಲೆ ಪೆನ್ಸಿಲ್ ಮುಟ್ಟಲಿಲ್ಲ. ಬಂದವರ ಮುಖ ಬಂದ ಹಾಗೆ ತೆಗೆದುಕೊಟ್ಟ. ಸುಕ್ಕು, ಕಲೆ, ಹುಣ್ಣಿನ ಗುರುತು ಎಲ್ಲ ಇದ್ದ ಹಾಗೆ. ಬಂದವರು ಮುಖ ಸಿಂಡರಿಸಿ ಹೋದರು. ಅದರಿಂದ ಅವನಿಗೆ ಒಂದು ಬಗೆಯ ಸಮಾಧಾನ ಸಿಗುತ್ತಿತ್ತು. ಪ್ರಾಯಶ್ಚಿತ್ತವೆಂಬ ಶಬ್ದ ಅಪ್ಪನ ಬಾಯಿಂದ ಕೇಳಿ ಗೊತ್ತಿತ್ತು.

ಆ ಬೇಸಿಗೆಯ ಒಂದು ಮುಂಜಾನೆ ಬೈಲಹೊಂಗಲದ ಕಡೆಯ ಒಕ್ಕಲಿಗನೊಬ್ಬ ಅಂಗಳಕ್ಕೆ ಬಂದ. ಹೆಸರು ಮಹಾಂತಪ್ಪ ಎಂದ. ಹಿಂದೆ ಮಗಳು ಬಾಯವ್ವ, ಹದಿನಾಲ್ಕರ ಹುಡುಗಿ. ಸೆರಗು ಸರಿದಾಗ ಕಂಡಿತು: ಅದೇ ಮೈಲಿ, ಗಂಗೂಗಿಂತ ಹೆಚ್ಚು.

"ನಿಮ್ಮ ಸುದ್ದಿ ಸಂತಿಯೊಳಗ ಕೇಳಿದ್ನಿರಿ," ಎಂದ ಮಹಾಂತಪ್ಪ. "ಅದಕ್ಕ ಬಂದೇನಿ."

"ಏನು ಕೇಳಿದ್ರಿ? ಆ ಮದುವಿ ಮುರೀತು, ಅದು ಗೊತ್ತದೇನು ನಿಮಗ?"

"ಗೊತ್ತೈತ್ರಿ. ನೀವು ಬಾಯಿ ಬಿಟ್ಟಿದ್ದಕ್ಕ ಮುರೀತಂತ. ಕೆಲಸ ಚಲೋ ಇತ್ತಂತ."

ಅವನು ಕುಹಕದಿಂದ ಹೇಳಿರಲಿಲ್ಲ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವಂತೆ ಹೇಳಿದ್ದ. ನೀಲಕಂಠನಿಗೆ ಮೈ ಉರಿದುಹೋಯಿತು. "ಇದ್ಧಂಗ ತಗೀತೇನಿ. ಗಾಜಿನ ಮ್ಯಾಲೆ ಕೈ ಆಡಸಂಗಿಲ್ಲ," ಎಂದ. ಹೇಳಿ ಎದೆ ಸೆಟೆಸಿ ನಿಂತ. ಮಹಾಂತಪ್ಪ ಒತ್ತಾಯ ಮಾಡದೆ ರುಮಾಲು ಸರಿಮಾಡಿಕೊಂಡ. "ಇದ್ಧಂಗ ಮನ್ಯಾಗ ದಿನಾ ನೋಡತೇವಲ್ರಿ," ಎಂದ. ಮಗಳ ಕಡೆ ತಿರುಗಿ, "ನಡಿಯವಾ. ಹುಬ್ಬಳ್ಳ್ಯಾಗ ಒಬ್ಬ ಫೋಟೋದಾಂವ ಅದಾನಂತ, ಮುಖಕ್ಕೆಲ್ಲಾ ಬಿಳಿ ಬಳದ ಕೊಡತಾನಂತ. ಅಲ್ಲೆ ಹೋಗೂಣು," ಎಂದ.

ಇಬ್ಬರೂ ಬಾಗಿಲು ದಾಟಿದರು. ನೀಲಕಂಠ ನಿಂತಲ್ಲೇ ನಿಂತಿದ್ದ. ಸರಿ ಮಾಡಿದೆ, ಎಂದುಕೊಂಡ. ಈ ಸಲವಾದರೂ ಸರಿ ಮಾಡಿದೆ. ಸರಿ ಮಾಡಿದ್ದರ ತಂಪು ಮಾತ್ರ ಎದೆಗೆ ಬರಲಿಲ್ಲ. ಹೋಗುವಾಗ ಹುಡುಗಿ ಒಂದು ಸಲ ಹಿಂದೆ ನೋಡಿದ್ದಳು. ಕ್ಯಾಮೆರಾವನ್ನಲ್ಲ, ಅವನನ್ನು, ಬಾಗಿಲು ಹಾಕಿಕೊಂಡವನನ್ನು ಬೀದಿಯಲ್ಲಿ ನಿಂತವರು ನೋಡುವ ಹಾಗೆ. ಅವಳನ್ನು ನೂಕಿ ನಾನು ಮಡಿಯಾದೆ, ಅಷ್ಟೆ ಅಲ್ಲವೆ. ಹುಬ್ಬಳ್ಳಿಯವನು ಬಿಳಿ ಬಳಿಯುತ್ತಾನೆ. ಗಲ್ಲದ ಮೇಲೆ ಸುಣ್ಣ ಸಾರಿಸಿದಂತೆ ಬಳಿಯುತ್ತಾನೆ, ಕುರುಡನಿಗೂ ತಿಳಿಯುವಂತೆ ಬಳಿಯುತ್ತಾನೆ, ನೋಡಿದವರು ನಗುತ್ತಾರೆ.

ನೀಲಕಂಠ ಹೊಸ್ತಿಲು ದಾಟಿ ಬೀದಿಗಿಳಿದಿದ್ದ. ಮರುಕ ತನ್ನನ್ನು ಹೊರಗೆ ಎಳೆಯಿತೋ, ಆ ಹುಬ್ಬಳ್ಳಿಯವನ ಒರಟು ಕೈ ನೆನೆದಾಗ ಹುಟ್ಟಿದ ಅಸಹ್ಯವೋ, ಅವನಿಗೆ ಹೇಳಲು ಬರುತ್ತಿರಲಿಲ್ಲ. ಅಪ್ಪ ಮಗಳು ಬೀದಿಯ ತಿರುವಿನ ತನಕ ಹೋಗಿಬಿಟ್ಟಿದ್ದರು.

"ಮಹಾಂತಪ್ಪನವರ," ಎಂದು ಕೂಗಿದ. "ನಿಲ್ರಿ. ಆಂವ ಕೆಡಸತಾನ."